ಮಂಟಪದ ಏರಿನಲ್ಲಿ ನಿಂತ ಕಾರು

೧೯೫೫ನೇ ಇಸವಿ ಫೆಬ್ರವರಿ ೧೧, ಶುಕ್ರವಾರ. ಸಬ್ ಇನ್‌ಸ್ಪೆಕ್ಟರ್ ಗುರುಪಾದಸ್ವಾಮಿ ಮಧ್ಯಾಹ್ನದ ಊಟಕ್ಕೆಂದು ಟೋಪಿ ತೆಗೆದಿಟ್ಟು ಎದ್ದಿದ್ದರಷ್ಟೇ, ಗುಂಡ್ಲುಪೇಟೆ ಠಾಣೆಯ ಬಾಗಿಲಲ್ಲಿ ಹಂಗಳದ ದೊಡ್ಡಮಲ್ಲಪ್ಪ ಬಂದು ನಿಂತರು. ಹಂಗಳದಲ್ಲಿ ಸ್ವಂತ ಕಾರು ಇಟ್ಟವರು ಅವರೊಬ್ಬರೇ. ಅಂಥವರು ಬಸ್ಸಿನಿಂದಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ಪಂಚೆಯ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ ಡ್ರೈವರ್ ಪುಟ್ಟಮಾದಯ್ಯನ ಮೇಲೆ ಕಂಪ್ಲೇಂಟು. ಬರ್ಕಳಿ."

"ಏನು ಮಾಡಿದ?"

"ಕಾರ್ನ ಕೆಡಿಸ್ಬುಟ್ಟ. ನನ್ ತಮ್ಮನ ಕೂಸು ಓಯ್ತು. ತಾಯಿನೂ ಓಗಂಗೆ ಅವಳೆ."

ಅಷ್ಟು ಹೇಳಿ ದೊಡ್ಡಮಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಾನ್‌ಸ್ಟೇಬಲ್ ಮರಿಯಪ್ಪ ನೀರು ತಂದುಕೊಟ್ಟ. ನೀರು ಕುಡಿದ ಮೇಲೆ ಮಾತು ಬಂತು.

ಆ ದಿನ ಬೆಳಗಿನ ಜಾವ ಅವರ ತಮ್ಮ ನೀಲಕಂಠಸ್ವಾಮಿಯ ಹೆಂಡತಿ ಚಂದ್ರಮತಿಗೆ ಹೆರಿಗೆ ನೋವು ಶುರುವಾಗಿತ್ತು. ಚೊಚ್ಚಲು. ಮಗು ಅಡ್ಡ ತಿರುಗಿದೆ, ನನ್ನ ಕೈಲಾಗದು ಎಂದು ಸೂಲಗಿತ್ತಿ ಹಿಂದೆ ಸರಿದಳು. ಕಾರಿನಲ್ಲಿ ಗುಂಡ್ಲುಪೇಟೆಗೆ ಕರೆತಂದರು. ಇಲ್ಲಿನ ಡಾಕ್ಟರು ಮುಟ್ಟಿ ನೋಡಿ, ಇದಕ್ಕೆ ಆಪರೇಷನ್ ಆಗಬೇಕು, ತಡಮಾಡದೆ ಚಾಮರಾಜನಗರಕ್ಕೆ ಒಯ್ಯಿರಿ ಎಂದರು. ತೆರಕಣಾಂಬಿ ದಾಟಿ ಮಂಟಪದ ಏರು ಹತ್ತುವಾಗ ಕಾರು ಅರ್ಧದಲ್ಲಿ ನಿಂತಿತು. ಎಂಜಿನ್ ಕೂಗುತ್ತಿದೆ, ಚಕ್ರ ಉರುಳುತ್ತಿಲ್ಲ. ಬ್ರೇಕು ಹಿಡಿದರೂ ಹಿಂದಕ್ಕೆ ಜಾರಿ ರಸ್ತೆಯ ಪಕ್ಕದ ಹಳ್ಳಕ್ಕೆ ಹಿಂಚಕ್ರ ಇಳಿಯಿತು. ಎತ್ತಿನ ಗಾಡಿ ಹುಡುಕಿ, ಹಿಂದಕ್ಕೆ ತೆರಕಣಾಂಬಿಗೆ ಬಂದು, ಬಸ್ಸು ಕಾದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಮಗು. ಚಂದ್ರಮತಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಡ್ರೈವರು ಬೇಕೆಂದೇ ಕೆಡಿಸಿದ ಅಂತ ಹೇಗೆ ಹೇಳ್ತೀರಿ?"

"ಮಾದಪ್ಪನ ಬೆಟ್ಟಕ್ಕೋಗ್ಬೇಕು, ಎರಡು ದಿನ ರಜ ಕೊಡಿ ಅಂದಿದ್ದ. ಇವತ್ತು ಕುದೇರಿಗೆ ಓಗದದೆ, ಆಗಕಿಲ್ಲ ಅಂದೆ. ಮೋರೆ ಊದಿಸ್ಕಂಡಿದ್ದ. ಕಾರು ಕೆಟ್ರೆ ತಾನಾಗೇ ರಜ ಸಿಕ್ತದಲ್ಲ."

"ಕುದೇರಿನಲ್ಲಿ ಏನು ಕೆಲಸ ಇತ್ತು?"

"ಮನೆ ವಿಚಾರ."

ಎಫ್‌ಐಆರ್ ಬರೆಯಲಾಯಿತು. ಅಜಾಗರೂಕ ಚಾಲನೆ, ಜೊತೆಗೆ ಸ್ವತ್ತಿಗೆ ನಷ್ಟ. ಹಾಳೆಯ ಮೇಲೆ ಸೆಕ್ಷನ್ ನಮೂದಿಸುವಾಗ ಗುರುಪಾದಸ್ವಾಮಿಯ ಲೇಖನಿ ಕೊಂಚ ತಡೆಯಿತು. ಚಾಮರಾಜನಗರದಲ್ಲಿ ಮಲಗಿರುವ ಹೆಣ್ಣುಮಗಳು ಉಳಿಯದಿದ್ದರೆ ಸೆಕ್ಷನ್ ಬದಲಾಗುತ್ತದೆ, ಪುಟ್ಟಮಾದಯ್ಯನ ಜೈಲುವಾಸ ಉದ್ದವಾಗುತ್ತದೆ. ಠಾಣೆಯಲ್ಲಿ ಟೆಲಿಫೋನ್ ಇರಲಿಲ್ಲ. ಸುದ್ದಿ ಏನಿದ್ದರೂ ಚಾಮರಾಜನಗರದ ಬಸ್ಸಿನ ಕಂಡಕ್ಟರ ಬಾಯಲ್ಲಿ ಬರಬೇಕು. ಪ್ರತಿ ಬಸ್ಸಿಗೂ ಹೋಗಿ ನಿಲ್ಲು ಎಂದು ಮರಿಯಪ್ಪನಿಗೆ ಹೇಳಿದರು.

ಪುಟ್ಟಮಾದಯ್ಯನನ್ನು ಹುಡುಕಬೇಕಾಗಲಿಲ್ಲ. ಅವನು ಮಂಟಪದ ಏರಿನಲ್ಲಿ, ಹಳ್ಳಕ್ಕೆ ವಾಲಿದ ಕಾರಿನ ಪಕ್ಕದಲ್ಲೇ ಕುಳಿತಿದ್ದ. ಬಿಟ್ಟುಹೋದರೆ ಯಾರಾದರೂ ಬ್ಯಾಟರಿ ಬಿಚ್ಚಿಕೊಂಡು ಹೋದಾರು ಎಂದು ಕಾಯುತ್ತಿದ್ದನಂತೆ. ಕೈಗೆ ಕೋಳ ಬಿದ್ದಾಗ, ಕಾರಿಗೆ ಯಾರನ್ನು ಕಾವಲು ಇಡುತ್ತೀರಿ ಎಂದು ಕೇಳಿದ. ಈ ಮನುಷ್ಯ ಒಂದೋ ಬಲು ಸಾಚಾ, ಇಲ್ಲವೇ ಬಲು ಚಾಲಾಕು ಎಂದು ಮರಿಯಪ್ಪ ಆಮೇಲೆ ಹೇಳಿದ.

ಸಂಜೆ ಠಾಣೆಯಲ್ಲಿ ವಿಚಾರಣೆ ನಡೆಯಿತು.

"ಕಾರು ಓಡಿಸೋದು ಎಷ್ಟು ವರ್ಷದಿಂದ?"

"ಯುದ್ಧದ ಕಾಲದಿಂದ್ಲೂ, ಸ್ವಾಮಿ."

"ಇವತ್ತು ಹೊರಟಾಗ ಏನಾದರೂ ವ್ಯತ್ಯಾಸ ಕಾಣಿಸ್ತಾ?"

ಪುಟ್ಟಮಾದಯ್ಯ ತಲೆ ತಗ್ಗಿಸಿದ. "ಕ್ಲಚ್ ಬುಟ್ಟಾಗ ಒದ್ದು ಎತ್ತಿಬುಡ್ತು. ಅಂಗೆ ಒದೆಯೋ ಗಾಡಿಯಲ್ಲ ಅದು. ಬೆಳಗಿನ ಚಳಿಗೆ ಇರ್ಬೋದು ಅನ್ಕಂಡೆ."

"ಯಜಮಾನರಿಗೆ ಹೇಳಿದ್ಯಾ?"

"ಒಳಗೆ ಚಂದ್ರವ್ವ ನರಳ್ತಿದ್ರು. ಆಗ ಎಂಗೆ ಹೇಳದು? ಹೇಳ್ಬೇಕಾಗಿತ್ತು."

"ಏರಿನಲ್ಲಿ ಏನಾಯಿತು?"

"ಸೆಕೆಂಡ್‌ಗೆ ಆಕ್ದೆ. ಎಂಜಿನ್ ಕೂಗ್ತು, ಗಾಡಿ ಏಳ್ನಿಲ್ಲ. ಫಸ್ಟ್‌ಗೆ ಆಕ್ದೆ. ಸುಟ್ಟ ವಾಸ್ನೆ ಬಂತು. ಅಷ್ಟೇ. ಕ್ಲಚ್ ಇಡೀನಿಲ್ಲ."

"ಯಾರಾದರೂ ಏನಾದರೂ ಅಂದ್ರಾ?"

"ಯಜಮಾನ್ರು ಬಯ್ದ್ರು. ನೀಲಕಂಠಪ್ಪೋರು ಇಳಿದು ತಳ್ಳುದ್ರು. ದೊಡ್ಡಮ್ಮೋರು, ಅಂದ್ರೆ ಯಜಮಾನ್ರ ಮನೆಯವ್ರು, ಹಿಂದುಗಡೆ ಸೀಟಲ್ಲಿ ಚಂದ್ರವ್ವನ ತಲೆ ತೊಡೆ ಮೇಲೆ ಇಟ್ಕಂಡು ಕುಂತಿದ್ರು. ಅವ್ರೂ ಇಳಿದು ತಳ್ಳುದ್ರು. ಪಾಪ, ಅವ್ರಿಗೆ ದಾರಿಯುದ್ದ ಅದೇ ದಿಗಿಲು. 'ಎಳೀತಾ ಅದ್ಯಾ ಮಾದಯ್ಯ, ಎಳೀತಾ ಅದ್ಯಾ' ಅಂತ ಕೇಳ್ತಾನೇ ಇದ್ರು."

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆಸಿದರು. ಆಗ ಅದರ ತೂಕ ಅವರಿಗೂ ತಿಳಿಯಲಿಲ್ಲ.

ಪುಟ್ಟಮಾದಯ್ಯನ ಹೆಂಡತಿ ಶಿವಮ್ಮ ಬಂದು ಠಾಣೆಯ ಹುಣಸೆಮರದ ಕೆಳಗೆ ಕುಳಿತಳು. ಅಳಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಚಾಮರಾಜನಗರದ ಬಸ್ಸು ಹಾರನ್ ಮಾಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಮರಿಯಪ್ಪ ಬಸ್‌ ಸ್ಟಾಂಡಿನಿಂದ ವಾಪಸು ಬಂದು 'ಇನ್ನೂ ಅಂಗೇ ಅವರಂತೆ ಕಣಮ್ಮ' ಎಂದರೆ ಮತ್ತೆ ಕೂರುತ್ತಿದ್ದಳು. ಯಾರ ಮನೆಯ ಹೆಂಗಸೋ ಬದುಕಲಿ ಎಂದು ಅಷ್ಟು ಗಟ್ಟಿಯಾಗಿ ಬೇಡಿಕೊಂಡವರು ಆ ದಿನ ಗುಂಡ್ಲುಪೇಟೆಯಲ್ಲಿ ಇನ್ನೊಬ್ಬರಿರಲಾರರು.

ಮರುದಿನ ಶನಿವಾರ ಬೆಳಿಗ್ಗೆ ಇಬ್ಬರು ಪಂಚರನ್ನೂ ಕೋಯ ಮೇಸ್ತ್ರಿಯನ್ನೂ ಕರೆದುಕೊಂಡು ಇನ್‌ಸ್ಪೆಕ್ಟರ್ ಮಂಟಪದ ಏರಿಗೆ ಹೋದರು. ಕೋಯ ಮಲಬಾರಿನವನು. ಗುಂಡ್ಲುಪೇಟೆಯಲ್ಲಿ ಲಾರಿ ರಿಪೇರಿಯ ಶೆಡ್ಡು ಹಾಕಿದ್ದ. ಗಾಡಿಯ ಬಾನೆಟ್ ಎತ್ತುವ ಮೊದಲೇ ರೋಗ ಹೇಳುವುದು ಅವನ ಅಭ್ಯಾಸ.

ಹಗ್ಗ ಹಾಕಿ ಎತ್ತುಗಳಿಂದ ಕಾರನ್ನು ಹಳ್ಳದಿಂದ ಮೇಲೆಳೆಸಿದರು. ಕೋಯ ಮೊದಲು ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಹಿಡಿತಕ್ಕೆ ಸಿಗುವ ಮುಂಚೆ ಪೆಡಲು ಒಂದಂಗುಲ ಸಡಿಲವಾಗಿ ಆಡಬೇಕು. ಆಡುತ್ತಿತ್ತು. ಅಲ್ಲಿ ತಪ್ಪಿಲ್ಲ ಎಂದ. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಂಪರನ್ನು ಮರಕ್ಕೆ ಕಟ್ಟಿಸಿ, ಎಂಜಿನ್ ಶುರುಮಾಡಿ, ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟ.

"ನೋಡಿ ಸಾರೇ. ಕ್ಲಚ್ ಚೆನ್ನಾಗಿದ್ರೆ ಈಗ ಎಂಜಿನ್ ಆಫ್ ಆಗಬೇಕು. ಆಗಿಲ್ಲ. ಹಾಡ್ತಾ ಉಂಟು."

ಸುಟ್ಟ ವಾಸನೆ ಮೇಲೆದ್ದಿತು. ಕೋಯ ಎಂಜಿನ್ ನಿಲ್ಲಿಸಿ, ಕೈ ಒರೆಸಿಕೊಂಡು ತೀರ್ಪು ಕೊಟ್ಟ. "ಎಂಜಿನ್ ಹಿಂದಿನ ಸೀಲ್ ಹೋಯ್ತು. ಎಣ್ಣೆ ಸೋರಿ ಕ್ಲಚ್ ಪ್ಲೇಟಿಗೆ ಕುಡಿಸಿದೆ. ಹಳೇ ಗಾಡಿ, ಡ್ರೈವರ್ ನೋಡಿಕೊಂಡಿಲ್ಲ. ಬರೆದುಕೊಳ್ಳಿ. ನಾನು ಪೆಟ್ರೋಲಿನಲ್ಲಿ ತೊಳೆದುಬಿಡ್ತೇನೆ, ಸಂಜೆಗೆ ಓಡುತ್ತೆ."

ಪಂಚರು ತಲೆಯಾಡಿಸಿದರು. ಇದನ್ನು ಹೀಗೆಯೇ ಬರೆದರೆ ಪುಟ್ಟಮಾದಯ್ಯ ಮುಗಿದ. ಗುರುಪಾದಸ್ವಾಮಿಗೆ ಕಾರಿನ ವಿದ್ಯೆ ಬರುತ್ತಿರಲಿಲ್ಲ, ಆದರೆ ಕೇಳಲು ಒಂದು ಪ್ರಶ್ನೆಯಿತ್ತು.

"ಎಂಜಿನ್ನಿನಿಂದ ಎಣ್ಣೆ ಸೋರಿದ್ದರೆ ಎಂಜಿನ್ನಿನಲ್ಲಿ ಎಣ್ಣೆ ಕಡಿಮೆ ಆಗಿರಬೇಕಲ್ಲವಾ?"

ಕೋಯ ಬೇಸರದಿಂದಲೇ ಅಳತೆ ಕಡ್ಡಿ ಎಳೆದ. ಎಣ್ಣೆ ಗುರುತಿನ ತನಕ ತುಂಬಿತ್ತು. ಕಡ್ಡಿ ಒರೆಸಿ ಮತ್ತೊಮ್ಮೆ ಅದ್ದಿ ನೋಡಿದ. ಅಷ್ಟೇ ಇತ್ತು. ಕಾರಿನಡಿಗೆ ತೆವಳಿ ಹೋಗಿ ಎಂಜಿನ್ನಿನ ಹಿಂಬದಿಯನ್ನೂ ಗೇರ್ ಬಾಕ್ಸಿನ ಮುಂಬದಿಯನ್ನೂ ಬೆರಳಾಡಿಸಿ ಬಂದ. ಎರಡೂ ಕಡೆ ಒಣಗಿತ್ತು.

"ತೊಳೆಯಬೇಡ. ಮೊದಲು ತೆಗೆದು ತೋರಿಸು," ಎಂದರು ಇನ್‌ಸ್ಪೆಕ್ಟರ್.

ಡ್ರೈವರ್ ಕಾಲಿಡುವ ಕಡೆ ರಬ್ಬರ್ ಚಾಪೆ, ಅದರ ಕೆಳಗೆ ಮರದ ಹಲಗೆ. ಹಲಗೆ ಎತ್ತಿದರೆ ಕ್ಲಚ್ಚಿನ ಕವಚದ ನೆತ್ತಿಯ ಮೇಲೆ ಅಂಗೈಯಷ್ಟು ಮುಚ್ಚಳ. ಕಿವಿಯುಳ್ಳ ಎರಡು ನಟ್ಟು, ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗಿಸಬಹುದು. ಮುಚ್ಚಳ ತೆಗೆದು ಎಲ್ಲರೂ ಬಗ್ಗಿದರು. ಬಾಯಿಯ ಅಂಚಿನಿಂದ ಒಳಗೋಡೆಗೆ ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿದ ಗೆರೆಗಳಿದ್ದವು. ಎಂಜಿನ್ ಎಣ್ಣೆಯಂತೆ ಕಪ್ಪಲ್ಲ. ಹಳದಿ, ಅಂಟು. ಮರಿಯಪ್ಪ ಬೆರಳಿಗೆ ತೆಗೆದು ಮೂಸಿದ.

"ಹರಳೆಣ್ಣೆ ಸ್ವಾಮಿ. ನಮ್ಮವ್ವ ವಾರಕ್ಕೊಂದ್ಸಲ ಇಡ್ಕಂಡು ತಲೆಗೆ ತಿಕ್ಕಳು. ಈ ವಾಸ್ನೆ ಕಂಡ್ರೆ ಇವತ್ತಿಗೂ ಓಡೋಗ್ಬೇಕು ಅನ್ನಿಸ್ತದೆ."

ಯಾರೋ ಮೇಲಿನಿಂದ ಹರಳೆಣ್ಣೆ ಸುರಿದಿದ್ದರು. ಆದರೆ ಎಣ್ಣೆಯೊಂದೇ ಅಲ್ಲ. ಕವಚದ ತಳದಲ್ಲಿ ಬೂದು ಬಣ್ಣದ ಹಿಟ್ಟು ಎಣ್ಣೆಯಲ್ಲಿ ಕಲಸಿ ಮುದ್ದೆಯಾಗಿತ್ತು. ಕೋಯ ಅದನ್ನು ಸುಣ್ಣವೆಂದ. ಮುದ್ದೆಯ ಜೊತೆ ಪುಡಿಯಾಗದೆ ಉಳಿದ ಗಟ್ಟಿ ಚೂರೊಂದು ಸಿಕ್ಕಿತು. ಒಂದು ಮೈ ನುಣುಪು, ಅದರ ಮೇಲೆ ಮೂರು ಬೆರಳು ಎಳೆದ ಸವೆತ. ಗುರುಪಾದಸ್ವಾಮಿ ಅದನ್ನು ತೆಗೆದುಕೊಂಡು ಎಣ್ಣೆ ಮುಟ್ಟದ ಕಡೆ ಒದ್ದೆ ಬೆರಳಾಡಿಸಿ ಅಂಗೈ ಮೇಲೆ ಗೆರೆ ಎಳೆದರು. ಒಣಗಿದಂತೆ ಗೆರೆ ಬೆಳ್ಳಗಾಯಿತು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅವರೇ ಹಣೆಗೆ ಧರಿಸುವ ವಸ್ತು. ವಿಭೂತಿ ಗಟ್ಟಿ.

ಪಂಚರಿಬ್ಬರೂ ಹಿಂದೆ ಸರಿದು ಚಪ್ಪಲಿ ಬಿಟ್ಟರು.

"ಎಣ್ಣೆ ಕುಡಿದ ಕ್ಲಚ್ಚಿಗೆ ಬೂದಿ ಹಾಕೋದು ಉಂಟು ಸಾರೇ," ಎಂದ ಕೋಯ ತಗ್ಗಿದ ದನಿಯಲ್ಲಿ. "ಎಣ್ಣೆ ಹೀರಿಕೊಳ್ಳಲಿ ಅಂತ. ಸ್ವಲ್ಪ ದೂರ ಓಡುತ್ತೆ. ಮಟ್ಟದ ರಸ್ತೇಲಿ ಗೊತ್ತಾಗಲ್ಲ. ಏರು ಬಂದು ಬಿಸಿಯಾದ್ರೆ ಮತ್ತೆ ಜಾರುತ್ತೆ."

"ಬೂದಿ ಹಾಕದೇ ಇದ್ದಿದ್ದರೆ?"

"ಹಂಗಳದ ಬೀದೀನೇ ದಾಟುತ್ತಿರಲಿಲ್ಲ."

ಪಂಚನಾಮೆ ಬರೆದು, ಎಣ್ಣೆಯನ್ನೂ ಮುದ್ದೆಯನ್ನೂ ಚೂರನ್ನೂ ಬೇರೆಬೇರೆ ಸೀಸೆಗಳಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ದಾರಿಯುದ್ದಕ್ಕೂ ಗುರುಪಾದಸ್ವಾಮಿಗೆ ಆ ಬೂದಿಯದ್ದೇ ಚಿಂತೆ. ಎಣ್ಣೆ ಸುರಿದವನಿಗೆ ಕಾರು ಕೆಡಬೇಕಿತ್ತು. ಬೂದಿ ಹಾಕಿದವನಿಗೆ ಕಾರು ಓಡಬೇಕಿತ್ತು. ಇಬ್ಬರು ಬೇರೆಬೇರೆಯೇ, ಇಲ್ಲ ಒಬ್ಬರೇ ರಾತ್ರಿಗೂ ಬೆಳಗಿಗೂ ನಡುವೆ ಮನಸ್ಸು ಬದಲಿಸಿದರೇ?

ಗುಂಡ್ಲುಪೇಟೆಗೆ ಬಂದು ಪುಟ್ಟಮಾದಯ್ಯನಿಗೆ ಚೂರು ತೋರಿಸಿದರು.

"ನೀನು ಎಂದಾದರೂ ಕ್ಲಚ್ಚಿಗೆ ಬೂದಿ ಹಾಕಿದ್ಯಾ?"

"ಊ, ಸ್ವಾಮಿ. ಓದ್ ವರ್ಷ ಗೇರ್ ಬಾಕ್ಸ್ ಸೋರಿ, ಬೇಗೂರ ತಾವ ಜಾರಕ್ಕಿಡೀತು. ಒಂದ್ ಮನೇಲಿ ಒಲೆ ಬೂದಿ ಈಸ್ಕಂಡು ಆಕ್ದೆ. ಮನೆ ತಂಕ ಬಂತು. ಆಮೇಲೆ ಸೋರೋದ ಸರಿ ಮಾಡ್ಸುದ್ವಿ."

"ಆಗ ಕಾರಿನಲ್ಲಿ ಯಾರಿದ್ದರು?"

"ಯಜಮಾನ್ರು, ದೊಡ್ಡಮ್ಮೋರು. ದೊಡ್ಡಮ್ಮೋರು ಇದೇನು ಅದೇನು ಅಂತ ಎಲ್ಲ ಕೇಳುದ್ರು. ಇಲ್ಲಿಗೆ ಒಂದು ಹನಿ ಎಣ್ಣೆ ಬಿದ್ರೂ ಗಾಡಿ ತಿಪ್ಪೆನೂ ಹತ್ತಕಿಲ್ಲ ಕಣವ್ವ ಅಂತ ಹೇಳ್ದೆ. ನಕ್ರು." ಅವನು ಸೀಸೆಯೊಳಗಿನ ಚೂರನ್ನು ನೋಡಿದ. "ಇದು ಇಬೂತಿ ಅಲ್ವಾ? ಇದ ಯಾರಾದ್ರೂ ಕಾಲಡೀಕ್ ಆಕ್ತಾರಾ ಸ್ವಾಮಿ?"

ಚಂದ್ರಮತಿಯನ್ನು ಮೊದಲು ನೋಡಿದ್ದ ಗುಂಡ್ಲುಪೇಟೆ ಡಿಸ್ಪೆನ್ಸರಿಯ ಡಾಕ್ಟರ ಹೇಳಿಕೆಯನ್ನೂ ಅದೇ ಮಧ್ಯಾಹ್ನ ಪಡೆದರು. ಅದು ಪ್ರಕರಣವನ್ನು ಇನ್ನಷ್ಟು ಭಾರ ಮಾಡಿತು. ಶುಕ್ರವಾರ ಬೆಳಿಗ್ಗೆ ಡಿಸ್ಪೆನ್ಸರಿಯ ಮುಂದೆ ಅರಣ್ಯ ಇಲಾಖೆಯ ಜೀಪು ನಿಂತಿತ್ತು. ಅದೂ ಚಾಮರಾಜನಗರದ ಕಡೆಗೇ ಹೊರಟಿತ್ತು. ಬೇಕಾದರೆ ಅದರಲ್ಲಿ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಾರೇ ಮೆತ್ತಗಿದೆ, ಜೀಪಿನಲ್ಲಿ ಕುಲುಕಾಟ ಎಂದು ದೊಡ್ಡಮಲ್ಲಪ್ಪ ಬೇಡವೆಂದರು.

"ಹೆಂಗಸರು ಏನಾದರೂ ಅಂದರಾ?"

"ಅವರ ಹೆಂಡತಿ ಏನೋ ಹೇಳೋಕೆ ಬಾಯಿ ತೆಗೆದರು. ಮತ್ತೆ ಏನೂ ಹೇಳಲಿಲ್ಲ," ಎಂದರು ಡಾಕ್ಟರು.

ಭಾನುವಾರ ಬೆಳಗಿನ ಬಸ್ಸಿನಲ್ಲಿ ಬಂದ ಸುದ್ದಿ ಚೆನ್ನಾಗಿರಲಿಲ್ಲ. ಚಂದ್ರಮತಿಗೆ ಜ್ವರ ಏರಿತ್ತು. ಅಷ್ಟರಲ್ಲಿ ಹಂಗಳದಿಂದ ಹತ್ತಾರು ಜನ ಠಾಣೆಯ ಮುಂದೆ ಸೇರಿ, ಆ ಡ್ರೈವರನ್ನು ನಮ್ಮ ಕೈಗೆ ಕೊಡಿ ಎಂದು ಕೂಗತೊಡಗಿದರು. ಶಿವಮ್ಮ ಹುಣಸೆಮರದ ಬುಡದಿಂದ ಎದ್ದು ಠಾಣೆಯ ಜಗುಲಿಗೆ ಬಂದು ಗೋಡೆಗೆ ಒರಗಿ ನಿಂತಳು. ಮರಿಯಪ್ಪ ಲಾಠಿ ಹಿಡಿದು ಬಾಗಿಲಿಗೆ ಅಡ್ಡಲಾದ. 'ಓಗ್ರಲಾ, ಓಗಿ, ಇನ್ನೂ ತನಿಖೆ ಮುಗ್ದಿಲ್ಲ' ಎಂದು ಜನರನ್ನು ಚದುರಿಸಿದನಾದರೂ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಇನ್‌ಸ್ಪೆಕ್ಟರ್ ಹಂಗಳಕ್ಕೆ ಹೊರಟರು. ಆ ಹೆಣ್ಣುಮಗಳಿಗೆ ಏನಾದರೂ ಆಗುವ ಮೊದಲೇ ನಿಜ ಕೈಗೆ ಸಿಗಬೇಕು, ಆಮೇಲೆ ಜನ ಯಾವ ಪಂಚನಾಮೆಯನ್ನೂ ಕೇಳುವುದಿಲ್ಲ ಎಂಬ ಆತಂಕ ಅವರನ್ನು ಅಟ್ಟುತ್ತಿತ್ತು.

ದೊಡ್ಡಮಲ್ಲಪ್ಪನವರದು ತೊಟ್ಟಿಮನೆ. ಕಾರು ನಿಲ್ಲಿಸುವ ಕೊಟ್ಟಿಗೆ ಹಿತ್ತಲಿಗೆ ಸೇರಿತ್ತು. ಬೀದಿಯ ಕಡೆಯ ಬಾಗಿಲಿಗೆ ಒಳಗಿನಿಂದ ಅಗುಳಿ. ಸಂಜೆ ಕಾರು ಬಿಟ್ಟ ಮೇಲೆ ಪುಟ್ಟಮಾದಯ್ಯ ಊರಾಚೆಯ ತನ್ನ ಮನೆಗೆ ಹೋಗುತ್ತಿದ್ದ. ಬೆಳಿಗ್ಗೆ ಒಳಗಿನವರು ಅಗುಳಿ ತೆಗೆದರೇ ಅವನಿಗೆ ಪ್ರವೇಶ.

"ಗುರುವಾರ ಸಂಜೆ ಅಗುಳಿ ಹಾಕಿದ್ದು ಯಾರು?"

"ನಾನೇ," ಎಂದರು ದೊಡ್ಡಮಲ್ಲಪ್ಪ.

"ಹಾಗಾದರೆ ಕಾರಿನ ಹತ್ತಿರ ಹೋದವರು ಮನೆಯೊಳಗಿನವರು."

ದೊಡ್ಡಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಇದ್ದವರು ಅಣ್ಣ ತಮ್ಮ, ಅವರ ಹೆಂಡಂದಿರು. ಅಷ್ಟೇ.

"ಶುಕ್ರವಾರ ಕುದೇರಿಗೆ ಹೊರಟಿದ್ದಿರಲ್ಲ. ಏನು ಮನೆ ವಿಚಾರ?"

"ಹೆಣ್ಣು ನೋಡಕ್ಕೆ."

"ಯಾರಿಗೆ?"

"ನನಗೇ. ನಮಗೆ ಮಕ್ಕಳಿಲ್ಲ. ಒಂದು ಮದುವೆ ಇದ್ದಂಗೇ ಇನ್ನೊಂದು ಆಗಬಾರ್ದು ಅಂತ ದಿಲ್ಲೀಲಿ ಕಾಯಿದೆ ಬರ್ತದಂತೆ. ಅದರೊಳಗೆ ಮುಗಿಸ್ಕಬುಡಿ ಅಂತ ಎಲ್ಲಾರೂ ಅಂದ್ರು."

"ಮನೆಯವರಿಗೆ ಗೊತ್ತಿತ್ತಾ?"

"ಗುರುವಾರ ಊಟಕ್ಕೆ ಕುಂತಾಗ ಹೇಳ್ದೆ. ಏನೂ ಅನ್ನಿಲ್ಲ. ಮಜ್ಜಿಗೆ ಬಡಿಸುದ್ಲು."

ದೊಡ್ಡಮಲ್ಲಪ್ಪನವರ ಹೆಂಡತಿ ಶಾಂತಮಲ್ಲಮ್ಮ ಶನಿವಾರ ಸಂಜೆಯೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಚಂದ್ರಮತಿಯ ತಾಯಿ ಅಲ್ಲಿ ಉಳಿದಿದ್ದರು. ಇನ್‌ಸ್ಪೆಕ್ಟರ್ ಕರೆಸಿದಾಗ ನಡುಮನೆಯ ಕಂಬದ ಪಕ್ಕ ಬಂದು ನಿಂತರು. ಮೂವತ್ತೈದರ ಆಸುಪಾಸು, ಎತ್ತರದ ಹೆಂಗಸು. ಹಣೆಯಲ್ಲಿ ಕುಂಕುಮವಿತ್ತು. ಕುಂಕುಮದ ಮೇಲೆ ಇರಬೇಕಾದ ವಿಭೂತಿ ಇರಲಿಲ್ಲ.

ಇದನ್ನು ಬೇರೆ ಯಾರಾದರೂ ಅಧಿಕಾರಿ ಗಮನಿಸುತ್ತಿದ್ದರೋ ಇಲ್ಲವೋ. ಗುರುಪಾದಸ್ವಾಮಿ ಅಂಥದೇ ಮನೆಯಲ್ಲಿ ಬೆಳೆದವರು. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನೆಗಳಲ್ಲಿ ಸೂತಕಕ್ಕೂ ಬರಿಹಣೆ ಇರುವುದಿಲ್ಲ. ಅವರ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಕಾಲಡಿಗೆ ಸುರಿದದ್ದನ್ನು ಮತ್ತೆ ಹಣೆಗೆ ಧರಿಸಲು ಯಾರಿಗೆ ಕೈ ಬರುತ್ತದೆ? ಮರುಕ್ಷಣ ಅವರಿಗೆ ಎಲ್ಲ ಗೊತ್ತಾಯಿತು, ಗೊತ್ತಾದದ್ದಕ್ಕೆ ಸಂಕಟವೂ ಆಯಿತು.

"ಪೂಜೆ ಆಯಿತಾ ತಾಯಿ?"

ಶಾಂತಮಲ್ಲಮ್ಮ ನೆಲ ನೋಡಿದರು. "ಇಲ್ಲ."

"ಎಷ್ಟು ದಿನದಿಂದ?"

"ಶುಕ್ರವಾರದಿಂದ."

"ಊಟ?"

ಶಾಂತಮಲ್ಲಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ದೊಡ್ಡಮಲ್ಲಪ್ಪ ಹೆಂಡತಿಯ ಮುಖವನ್ನು ಆಗಷ್ಟೇ ನೋಡಿದವರ ಹಾಗೆ ನೋಡಿದರು. ಮೂರು ದಿನದಿಂದ ಆ ಮನೆಯಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ.

"ತೆರಕಣಾಂಬಿಗೆ ಮುಂಚೆ ಕಾರಿಗೆ ಏನೂ ಆಗಿರಲಿಲ್ಲ. ಆದರೂ 'ಎಳೀತಾ ಅದ್ಯಾ' ಅಂತ ದಾರಿಯುದ್ದ ಕೇಳ್ತಿದ್ದಿರಂತೆ. ಯಾಕೆ?"

ಇನ್‌ಸ್ಪೆಕ್ಟರ್ ಸೀಸೆಯನ್ನು ತೆಗೆದು ಕಂಬದ ಬುಡದಲ್ಲಿ ಇಟ್ಟರು. ಶಾಂತಮಲ್ಲಮ್ಮ ಅದನ್ನು ಕಂಡು ಕೈಮುಗಿದರು, ಸೀಸೆಗೋ ಇನ್‌ಸ್ಪೆಕ್ಟರಿಗೋ ತಿಳಿಯಲಿಲ್ಲ. ಆಮೇಲೆ ಕುಳಿತುಬಿಟ್ಟರು.

"ಮಾದಯ್ಯನ ಬುಟ್ಬುಡಿ ಸ್ವಾಮಿ. ಅವನದೇನೂ ಇಲ್ಲ. ನಾನೇ ಮಾಡ್ದೆ."

ದೊಡ್ಡಮಲ್ಲಪ್ಪ ಏನೋ ಹೇಳಲು ಎದ್ದರು. ಇನ್‌ಸ್ಪೆಕ್ಟರ್ ಕೈಯೆತ್ತಿ ಕೂರಿಸಿದರು. ಊರ ಪಟೇಲರನ್ನು ಕರೆಸಿ ಅವರ ಎದುರಿಗೇ ಹೇಳಿಕೆ ಪಡೆದರು.

ಗುರುವಾರ ಎಲ್ಲರ ಊಟವಾದ ಮೇಲೆ ಅವರು ಹರಳೆಣ್ಣೆಯ ಚೆಂಬು ಹಿಡಿದು ಕೊಟ್ಟಿಗೆಗೆ ಹೋಗಿದ್ದರು. ಹಲಗೆ ಎತ್ತಿ, ನಟ್ಟು ತಿರುಗಿಸಿ, ಎಣ್ಣೆ ಹುಯ್ದರು. ಬೆಳಿಗ್ಗೆ ಕಾರು ಬಾಗಿಲು ದಾಟದಿದ್ದರೆ ಅಪಶಕುನವೆಂದು ಕುದೇರಿನ ಮಾತು ನಿಲ್ಲುತ್ತದೆ ಎಂದು ಅವರ ಲೆಕ್ಕ. ಹೊರಡುವ ಹೊತ್ತಿಗೆ ಗಾಡಿ ಕೆಟ್ಟರೆ ಆ ಸಂಬಂಧ ಬೇಡವೆನ್ನುವ ಮನೆತನ ಅದು. ಆದರೆ ಬೆಳಗಾಗುವ ಮೊದಲೇ ಚಂದ್ರಮತಿಯ ನೋವು ಶುರುವಾಯಿತು.

"ಕಾರಿಗೆ ಒಯ್ಯಿರಿ ಅಂತ ಎಲ್ಲ ಕೂಗಾಡ್ತಾ ಅವ್ರೆ. ನನ್ ಜೀವನೇ ನಿಂತೋಯ್ತು. ಮಾದಯ್ಯ ಬೂದಿ ಆಕಿದ್ದು ನೆಪ್ಪಿಗೆ ಬಂತು. ಒಲೆ ತಾವ ಓಡ್ದೆ. ರಾತ್ರೀನೇ ಬೂದಿ ತೋಡಿ ತಿಪ್ಪೆಗಾಕಿ ಒಲೆ ಸಾರ್ಸಿದ್ದೆ. ಒಂದ್ ಚಿಟಿಕೆ ಇರ್ನಿಲ್ಲ. ದ್ಯಾವ್ರ ಮನೇಲಿ ಇಬೂತಿ ಗಟ್ಟಿ ಇದ್ವು. ಕುಟ್ಟಿ ಪುಡಿ ಮಾಡಿ ಸುರ್ದೆ. ಕಾರು ಓಡ್ತು. ಸರಿಯಾಯ್ತು ಅನ್ಕಂಡೆ."

"ಗುಂಡ್ಲುಪೇಟೆಯಲ್ಲಿ ಜೀಪು ನಿಂತಿತ್ತು. ಅಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ?"

ಶಾಂತಮಲ್ಲಮ್ಮ ತಲೆಯೆತ್ತಿ ಇನ್‌ಸ್ಪೆಕ್ಟರನ್ನು ನೇರವಾಗಿ ನೋಡಿದರು.

"ಹೇಳಿದ್ರೆ ಈ ಮನೆ ಬುಡ್ಬೇಕಾಗಿತ್ತು ಸ್ವಾಮಿ. ಈ ಮನೇಲಿ ಇರಕ್ಕೇ ತಾನೇ ನಾನು ಎಣ್ಣೆ ಉಯ್ದಿದ್ದು. ಇಷ್ಟು ದೂರ ಓಡ್ತಲ್ಲ, ಇನ್ನಷ್ಟು ಓಡ್ತದೆ ಅನ್ಕಂಡೆ. ಚಂದ್ರಿ ತಲೆ ನನ್ ತೊಡೆ ಮೇಲಿತ್ತು."

ದೊಡ್ಡಮಲ್ಲಪ್ಪ ಎದ್ದು ಹಿತ್ತಲಿಗೆ ಹೋದರು. ಮತ್ತೆ ಆ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಹರಳೆಣ್ಣೆಯ ಚೆಂಬನ್ನೂ ಉಳಿದ ವಿಭೂತಿ ಗಟ್ಟಿಗಳಲ್ಲಿ ಒಂದನ್ನೂ ಪಟೇಲರ ಸಮಕ್ಷಮ ಜಪ್ತಿ ಮಾಡಲಾಯಿತು. ಶಾಂತಮಲ್ಲಮ್ಮನನ್ನು ದಸ್ತಗಿರಿ ಮಾಡಿ, ನೆರೆಮನೆಯ ಕರಿಬಸಮ್ಮ ಎಂಬ ಮುದುಕಿಯನ್ನು ಜೊತೆಗಿಟ್ಟು ಠಾಣೆಗೆ ಕರೆತಂದರು. ಪುಟ್ಟಮಾದಯ್ಯನ ಬಿಡುಗಡೆಯಾಯಿತು. ಅವನು ಹೊರಗೆ ಬರುವಾಗ ಶಾಂತಮಲ್ಲಮ್ಮ ಜಗುಲಿಯ ಮೇಲಿದ್ದರು. ಇಬ್ಬರೂ ಎದುರುಬದುರಾದರು.

"ನನಗೆ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ವಾ ಅವ್ವ. ಮಿಕ್ಕಿದ್ದ ನಾನು ನೋಡ್ಕತಿದ್ದೆ," ಎಂದ ಪುಟ್ಟಮಾದಯ್ಯ. ಶಿವಮ್ಮ ಗಂಡನ ತೋಳು ಹಿಡಿದು ಕರೆದುಕೊಂಡು ಹೋದಳು. ಅವಳ ಕಣ್ಣಲ್ಲಿ ಆಗ ಮೊದಲ ಸಲ ನೀರು ಬಂತು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಸುದ್ದಿ ಬಂತು. ಚಂದ್ರಮತಿಯ ಜ್ವರ ಇಳಿದಿತ್ತು, ಜೀವಕ್ಕೆ ಅಪಾಯವಿಲ್ಲ ಎಂದು ಲೇಡಿ ಡಾಕ್ಟರು ಹೇಳಿದ್ದರು. ಮರಿಯಪ್ಪ ಓಡುತ್ತಲೇ ಬಂದು ಅದನ್ನು ಹೇಳಿದ. ಸುದ್ದಿಯ ಇನ್ನರ್ಧವನ್ನು ಇನ್‌ಸ್ಪೆಕ್ಟರ ಕಿವಿಯಲ್ಲಿ ಹೇಳಿದ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸ­ಲು ಅದೇ ಬೆಳಿಗ್ಗೆ ಶಾಂತಮಲ್ಲಮ್ಮನನ್ನು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದರು. ಅವರ ಪಕ್ಕದಲ್ಲಿ ಕರಿಬಸಮ್ಮ, ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರ್. ತೆರಕಣಾಂಬಿ ದಾಟಿದ ಮೇಲೆ ಶಾಂತಮಲ್ಲಮ್ಮ ಹಿಂದಕ್ಕೆ ತಿರುಗಿದರು.

"ಚಂದ್ರಿ ಎಂಗವಳೆ ಸ್ವಾಮಿ?"

"ಬದುಕಿದರು ತಾಯಿ."

"ನಿಮ್ ಮುಕ ನೋಡುದ್ರೆ ಇನ್ನೂ ಏನೋ ಅದೆ."

ಗುರುಪಾದಸ್ವಾಮಿಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಸುಳ್ಳು ಹೊಳೆಯಲಿಲ್ಲ. "ಇನ್ನು ಮಕ್ಕಳಾಗೋದಿಲ್ಲವಂತೆ."

ಶಾಂತಮಲ್ಲಮ್ಮ ಕಿಟಕಿಯ ಕಡೆ ತಿರುಗಿದರು.

"ಅಂಗಾದ್ರೆ ಅವಳ ಗಂಡನೂ ಕಾರ್ನ ರಿಪೇರಿ ಮಾಡಿಸ್ಕಂಡು ಹೆಣ್ಣು ನೋಡಕ್ಕೆ ಓಯ್ತನೆ. ಆ ಕಾಯಿದೆ ಅಂತಾರಲ್ಲ ಸ್ವಾಮಿ, ಅದು ಯಾವಾಗ ಬರದು?"

"ಬರುತ್ತೆ ತಾಯಿ. ಇನ್ನೇನು ಬರುತ್ತೆ."

ಬಸ್ಸು ಮಂಟಪದ ಏರಿಗೆ ಬಂತು. ಡ್ರೈವರ್ ಕ್ಲಚ್ ಒತ್ತಿ ಗೇರು ಇಳಿಸಿದ. ಎಂಜಿನ್ ಕೂಗಿತು, ಬಸ್ಸು ಕೊಂಚ ತಡೆದಂತಾಯಿತು. ಶಾಂತಮಲ್ಲಮ್ಮ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೇಲೆ ಹತ್ತಿ ಮಟ್ಟದ ರಸ್ತೆ ಸಿಕ್ಕಿದ ಮೇಲೂ ಆ ಕೈಗಳು ಸಡಿಲವಾಗಲಿಲ್ಲ. ಚಾಮರಾಜನಗರದಲ್ಲಿ ಬಸ್ಸು ನಿಂತಾಗ ಕರಿಬಸಮ್ಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.